ಆಂಟೆನಾ ಅಣ್ಣಾರು ಮತ್ತು ನನ್ನ ಒಂದು ಸುಳ್ಳು

ಅವರು ಯಾರ ಮನೆಗೆ ಹೋದರೂ ಮೊದಲು ಮುಖ ನೋಡುತ್ತಿರಲಿಲ್ಲ, ಮಾಡು ನೋಡುತ್ತಿದ್ದರು. ಹಂಚಿನದೋ, ತಗಡಿನದೋ, ತಾರಸಿಯೋ, ಏಣಿ ನಿಲ್ಲಿಸಲು ಜಾಗ ಇದೆಯೋ, ಪಕ್ಕದ ಹುಣಸೆಮರ ಅಡ್ಡ ಬರುತ್ತದೋ, ಇದೆಲ್ಲ ತೀರ್ಮಾನವಾದ ಮೇಲೆಯೇ ಬಾಗಿಲಲ್ಲಿ ನಿಂತವರ ಕಡೆ ತಿರುಗಿ "ಆರಾಮ್ ಅದೀರೇನ್ರಿ?" ಎನ್ನುತ್ತಿದ್ದರು. ಮನುಷ್ಯರ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ನಮಸ್ಕಾರ ಮಾಡಿದರೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿ, "ಹಾಂ, ಗೊತ್ತಾತು. ನಿಮ್ದು ಮಂಗಳೂರು ಹಂಚು, ಎಡಕ್ಕ ಎರಡು ಒಡದಿದ್ವು" ಎಂದು ಗುರುತು ಹಿಡಿಯುತ್ತಿದ್ದರು. ಹಾಗೆ ಗುರುತಿಸಿಕೊಂಡವರಿಗೂ ಬೇಜಾರಿರಲಿಲ್ಲ. ಒಡೆದ ಹಂಚು ಬದಲಾಯಿಸಿದ ಸಮಾಚಾರ ಹೇಳಿ ಖುಷಿಯಾಗಿ ಇಳಿದು ಹೋಗುತ್ತಿದ್ದರು.

ಹೆಸರಿಗೆ ಇಷ್ಟು ಕಡಿಮೆ ಬೆಲೆ ಕೊಟ್ಟವರ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಶಿಕಾರಿಪುರದಲ್ಲಿ ಎಲ್ಲರೂ ಅವರನ್ನು ಆಂಟೆನಾ ಅಣ್ಣಾರು ಎನ್ನುತ್ತಿದ್ದರು. ಅವರು ತೀರಿಕೊಂಡರೆಂದು ಈಚೆಗೆ ಸುದ್ದಿ ಬಂತು. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕೂತರೆ, ಅವರ ಒಳ್ಳೆಯತನಕ್ಕಿಂತ ಮೊದಲು ನನ್ನದೇ ಒಂದು ಸುಳ್ಳು ಎದುರಿಗೆ ಬಂದು ನಿಲ್ಲುತ್ತಿದೆ. ಅದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಆದರೆ ಅವರು ಎಂಥವರೆಂದು ಗೊತ್ತಾಗದೆ ನನ್ನ ಸುಳ್ಳಿನ ತೂಕ ನಿಮಗೆ ತಿಳಿಯುವುದಿಲ್ಲ. ಆದ್ದರಿಂದ ಸ್ವಲ್ಪ ತಾಳಿಕೊಳ್ಳಬೇಕು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಶಿಕಾರಿಪುರದ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರ್ ಆಗಿ ಬಂದೆ. ನನ್ನ ತವರು ಸೊರಬ ತಾಲ್ಲೂಕಿನ ಕುಪ್ಪಗಡ್ಡೆ. ದಿನಾ ಓಡಾಡಲು ಆಗದೆಂದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅಣ್ಣಾರ ಮಹಡಿಯ ಮೇಲಿನ ಕೋಣೆ ಹಿಡಿದೆ. ಕೆಳಗೆ ಮುಂದುಗಡೆ ಅವರ ಅಂಗಡಿ, ಹಿಂದುಗಡೆ ಮನೆ. ಅಂಗಡಿಯಲ್ಲಿ ಬೆನ್ನು ಬಿಚ್ಚಿದ ಟಿವಿಗಳು ಸಾಲಾಗಿ ಕೂತಿರುತ್ತಿದ್ದವು. ಆದರೆ ರಿಪೇರಿ ಅವರಿಗೆ ಹೊಟ್ಟೆಪಾಡು, ಅಷ್ಟೇ. ಜೀವ ಇದ್ದದ್ದು ಮಾಡಿನ ಮೇಲೆ.

ಆಗ ಚಿತ್ರ ಬರುತ್ತಿದ್ದುದು ಗಾಳಿಯಲ್ಲಿ. ದೂರದಲ್ಲೆಲ್ಲೋ ನೆಲದ ಮೇಲೆ ಒಂದು ಟವರ್. ಅದು ಕಳಿಸಿದ್ದನ್ನು ಮನೆಮನೆಯ ಮಾಡಿನ ಮೇಲಿನ ಅಲ್ಯೂಮಿನಿಯಂ ಕಡ್ಡಿಗಳು ಹಿಡಿದು, ಚಪ್ಪಟೆ ವೈರಿನಲ್ಲಿ ಕೆಳಗಿಳಿಸಬೇಕು. ಬಯಲಿನ ಕಡೆ ಇದು ಸಲೀಸು. ಸೊರಬದ ಕಡೆ ಗುಡ್ಡ ಅಡ್ಡ, ಕಾಡು ಅಡ್ಡ. ಅಲ್ಲಿ ಕಡ್ಡಿಯನ್ನು ಒಂದು ಗೇಣು ಆಚೆ ತಿರುಗಿಸಿದರೆ ವಾರ್ತೆ ಓದುವವಳು ಮಾಯ, ಈಚೆ ತಿರುಗಿಸಿದರೆ ಇಬ್ಬರು ಪ್ರತ್ಯಕ್ಷ. ಪರದೆಯ ಮೇಲಿನ ಚುಕ್ಕೆಗಳಿಗೆ ಅಣ್ಣಾರು ನುಚ್ಚು ಎನ್ನುತ್ತಿದ್ದರು. ಚಿತ್ರದ ಪಕ್ಕ ಇನ್ನೊಂದು ಮಸುಕು ಚಿತ್ರ ಬಂದರೆ ಅದು ದೆವ್ವ. "ನಿಮ್ಮನಿಗೆ ನುಚ್ಚು ಕಮ್ಮಿ ಐತ್ರಿ, ದೆವ್ವದ ಕಾಟ ಜಾಸ್ತಿ" ಎಂದು ಅವರು ಗಂಭೀರವಾಗಿ ಹೇಳುವಾಗ ಹೊಸಬರು ಗಾಬರಿಯಾಗುತ್ತಿದ್ದರು.

ಏಣಿ ಹತ್ತುವ ಮೊದಲು ಅವರದೊಂದು ಕ್ರಮ ಇತ್ತು. ತೋರುಬೆರಳನ್ನು ನಾಲಗೆಗೆ ಮುಟ್ಟಿಸಿ ಮೇಲಕ್ಕೆತ್ತಿ ಹಿಡಿದು ದಿಕ್ಕು ನೋಡುತ್ತಿದ್ದರು. ಟಿವಿಯ ಅಲೆಗೂ ಒದ್ದೆ ಬೆರಳಿಗೂ ಏನು ಸಂಬಂಧ ಎಂದು ನಾನು ವಿಜ್ಞಾನದ ಟೀಚರಿನ ಗತ್ತಿನಲ್ಲಿ ಕೇಳಿದೆ. "ಏನೂ ಇಲ್ರಿ. ಅದು ಗಿರಾಕಿ ಧೈರ್ಯಕ್ಕ. ಸುಮ್ನ ಹತ್ತಿದ್ರ, ಇವ್ನಿಗೇನು ಗೊತ್ತೈತಿ ಅಂತಾರ" ಎಂದರು. ಆಮೇಲೆ ಮಾಡು ಹತ್ತಿ, ಉಟ್ಟ ಲುಂಗಿಯನ್ನು ಬಿಚ್ಚಿ ಕಡ್ಡಿ ಕಟ್ಟುವ ಕೊಳವೆಗೆ ತೂಗುಹಾಕಿ, ಖಾಕಿ ಚಡ್ಡಿಯಲ್ಲಿ ಕೆಲಸ ಶುರು. ಲುಂಗಿ ಮೇಲೆ ಹಾರುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಬೀದಿಯ ಕೊನೆಯಿಂದಲೇ ಅದನ್ನು ನೋಡಿ ಅವರ ಹೆಂಡತಿ ಊಟಕ್ಕೆ ಬಡಿಸುವುದೋ ಬೇಡವೋ ಎಂದು ನಿರ್ಧರಿಸುತ್ತಿದ್ದರು.

ಮೇಲೆ ಅವರು, ಕೆಳಗೆ ಟಿವಿ. ಮಧ್ಯೆ ಕೂಗಿ ಹೇಳಲು ಒಬ್ಬರು ಬೇಕು. ಮರದ ತುದಿಗೋ ದೂರದ ದಿಬ್ಬಕ್ಕೋ ಕಡ್ಡಿ ಕಟ್ಟುವಂತಿದ್ದರೆ ಇಬ್ಬರು ಮೂವರು. ಒಳಗಿನವರು ಅಂಗಳದವರಿಗೆ, ಅಂಗಳದವರು ಬೇಲಿಯ ಹತ್ತಿರದವರಿಗೆ, ಅವರು ಮೇಲಿನವರಿಗೆ. ಶಿಕಾರಿಪುರದ ಕಡೆ ಇದಕ್ಕೆ ತೊಂದರೆ ಇರಲಿಲ್ಲ. ಅಲ್ಲಿನವರು "ಏನೂ ಕಾಣಂಗಿಲ್ಲ, ಸರಿಯಾಗಿ ತಿರುಗಿಸ್ರಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದರು. ತೊಂದರೆ ಬರುತ್ತಿದ್ದುದು ನಮ್ಮ ಸೊರಬದ ಕಡೆ. ನಮ್ಮವರಿಗೆ ದಾಕ್ಷಿಣ್ಯ ಜಾಸ್ತಿ. ಪಾಪ, ಅಷ್ಟು ದೂರದಿಂದ ಬಂದಿದ್ದಾರೆ, ಬಿಸಿಲಲ್ಲಿ ಹಂಚಿನ ಮೇಲೆ ಕೂತಿದ್ದಾರೆ, ಇನ್ನೂ ಬಂದಿಲ್ಲ ಎಂದು ಹೇಗೆ ಹೇಳುವುದು? ಪರದೆ ತುಂಬ ನುಚ್ಚು ಸುರಿಯುತ್ತಿದ್ದರೂ "ಬಂತು ಬಂತು, ಚೆನಾಗದೆ, ಇಳೀರಿ, ಕಾಫಿ ಆರ್ತದೆ" ಎಂದುಬಿಡುತ್ತಿದ್ದರು. ಅಣ್ಣಾರು ಇಳಿದು ನೋಡಿದರೆ ಏನೂ ಇಲ್ಲ. ಮತ್ತೆ ಏಣಿ. ಉಳವಿಯ ಒಂದು ಮನೆಯಲ್ಲಿ ಹೀಗೆ ಐದು ಸಲ ಹತ್ತಿಳಿದು, ಐದು ಲೋಟ ಕಾಫಿ ಕುಡಿದು ಬಂದಿದ್ದರಂತೆ.

ಆಮೇಲೆ ಅವರು ಪದ್ಧತಿ ಬದಲಾಯಿಸಿದರು. "ಚಲೋ ಐತಾ ಅಂತ ಮನುಷ್ಯಾರನ್ನ ಕೇಳಬಾರ್ದ್ರಿ ಟೀಚರ್ರೆ, ಹೂಂ ಅಂತಾರ. ಏನೈತಿ ಅಂತ ಕೇಳಬೇಕು" ಎಂದು ನನಗೆ ಹೇಳಿದ್ದರು. ಅಂದಿನಿಂದ ಮಾಡಿನ ಮೇಲಿಂದ ಬರುತ್ತಿದ್ದುದು ಪ್ರಶ್ನೆಪತ್ರಿಕೆ. ವಾರ್ತೆಯವಳ ಕೊರಳಲ್ಲಿ ಸರ ಒಂದೆಳೆಯೋ ಎರಡೆಳೆಯೋ? ಕೃಷಿ ಕಾರ್ಯಕ್ರಮದಲ್ಲಿ ಮಾತಾಡುವವನ ಅಂಗಿ ಜೇಬಿನಲ್ಲಿ ಪೆನ್ನು ಇದೆಯೋ? ಸರಿಯಾಗಿ ಉತ್ತರ ಬರುವ ತನಕ ಲುಂಗಿ ಕೆಳಗಿಳಿಯುತ್ತಿರಲಿಲ್ಲ.

ಈ ಪದ್ಧತಿಯನ್ನೂ ಸೋಲಿಸಿದವರು ಒಬ್ಬರಿದ್ದಾರೆ. ನನ್ನ ಅಮ್ಮ. ಕುಪ್ಪಗಡ್ಡೆಯ ನಮ್ಮ ಮನೆಗೆ ಹಳೆಯ ಟಿವಿಯೊಂದನ್ನು ಕೊಂಡು ಅಣ್ಣಾರನ್ನು ಕರೆದುಕೊಂಡು ಹೋಗಿದ್ದೆ. ಅವರು ಮಾಡಿನ ಮೇಲೆ ಅರ್ಧ ಗಂಟೆ ತಿರುಗಿಸಿದರು. ಬಿಸಿಲು ಏರಿತ್ತು. ಅಮ್ಮ ಟಿವಿ ಎದುರು ಕೂತು ನಿಟ್ಟುಸಿರು ಬಿಡುತ್ತಿದ್ದಳು, ಟಿವಿಗಾಗಿ ಅಲ್ಲ, ಮೇಲಿದ್ದವರಿಗಾಗಿ.

"ಅಮ್ಮಾರೆ, ವಾರ್ತೆಯಾಕಿ ಸೀರಿ ಅಂಚು ಹೆಂಗೈತ್ರಿ?" ಎಂದು ಮೇಲಿಂದ ಕೂಗು ಬಂತು.

"ಅರಿಶಿನದ ಸೀರೆ, ಕೆಂಪಂಚು. ಕುಂಕುಮದ ಕೆಂಪು ಕಣ್ರೀ, ಒಳ್ಳೆ ಎದ್ದು ಕಾಣ್ತದೆ. ಇನ್ನು ಇಳೀರಿ ಮಾರಾಯ್ರೆ!"

ಮೇಲೆ ಹಂಚು ಕಟಕಟ ಅನ್ನತೊಡಗಿತು. ಅಣ್ಣಾರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ತಂದಿದ್ದದ್ದು ಕಪ್ಪುಬಿಳುಪಿನ ಟಿವಿ. ಅಮ್ಮ ಮಾತ್ರ ಸ್ವಲ್ಪವೂ ನಾಚಲಿಲ್ಲ. "ಆ ಹೆಣ್ಣಿಗೆ ಅದೇ ಒಪ್ತದೆ, ಅದನ್ನೇ ಉಟ್ಟಿರ್ತಾಳೆ" ಎಂದಳು. ಅಣ್ಣಾರು ಆ ದಿನ ಊಟ ಮಾಡಿ ಹೊರಡುವಾಗ ಅಮ್ಮನ ಕಾಲಿಗೆ ನಮಸ್ಕಾರ ಮಾಡಿ, "ನಿಮ್ಮಷ್ಟು ಚಲೋ ಚಿತ್ರ ಯಾವ ಟವರೂ ಕಳಿಸಂಗಿಲ್ರಿ" ಎಂದು ಹೇಳಿದರು.

ಅವರ ಓದಿನ ವಿಚಾರ ಹೇಳಬೇಕು. ಎಲೆಕ್ಟ್ರಾನಿಕ್ಸಿನ ಒಂದು ಇಂಗ್ಲಿಷ್ ಮಾಸಪತ್ರಿಕೆ ಅವರಿಗೆ ಅಂಚೆಯಲ್ಲಿ ಬರುತ್ತಿತ್ತು. ಸರ್ಕ್ಯೂಟಿನ ಚಿತ್ರಕ್ಕಾಗಿ ತರಿಸುತ್ತಿದ್ದರು. ಇಂಗ್ಲಿಷಿನಲ್ಲಿ ಅವರಿಗೆ ಬಿಡಿಭಾಗಗಳ ಹೆಸರೆಲ್ಲ ಬರುತ್ತಿತ್ತು, ಕ್ರಿಯಾಪದ ಬರುತ್ತಿರಲಿಲ್ಲ. ಹಾಗಾಗಿ ಯಾವ ಭಾಗಗಳು ಸೇರಿ ಏನೋ ಆಗುತ್ತದೆ ಎಂದು ಗೊತ್ತಾಗುತ್ತಿತ್ತು, ಏನಾಗುತ್ತದೆ ಎಂದು ನನ್ನನ್ನು ಕೇಳಬೇಕಿತ್ತು. ಭಾನುವಾರ ಬೆಳಿಗ್ಗೆ ಪತ್ರಿಕೆ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. ಹಿಂದೆ ಅವರ ಹೆಂಡತಿ, ನನ್ನ ಪಾಲಿಗೆ ಅಕ್ಕ, ಮಂಡಕ್ಕಿಯ ಬುಟ್ಟಿ ಹಿಡಿದು ಬರುತ್ತಿದ್ದರು. ನಾನು ಓದಿ ಕನ್ನಡದಲ್ಲಿ ಹೇಳುವುದು, ಅವರು ಕೇಳುವುದು, ಅಕ್ಕ ಮಧ್ಯೆ ಮಧ್ಯೆ "ಇದ್ರಿಂದ ನಮಗೇನಾತು?" ಎನ್ನುವುದು. ಅಕ್ಕನ ಪ್ರಶ್ನೆಗೆ ಪತ್ರಿಕೆಯಲ್ಲಿ ಉತ್ತರ ಇರುತ್ತಿರಲಿಲ್ಲ.

ಒಂದು ಭಾನುವಾರದ ಲೇಖನ ಮುಂದೆ ಬರಲಿರುವ ಟಿವಿಯ ಬಗ್ಗೆ ಇತ್ತು. ಹೊರದೇಶಗಳಲ್ಲಿ ಪ್ರಯೋಗ ನಡೆಯುತ್ತಿದೆಯಂತೆ. ಈಗಿನ ಚಿತ್ರದ ಗೆರೆಗಳ ಎರಡರಷ್ಟು ಗೆರೆ, ಅಗಲವಾದ ಪರದೆ, ಕಣ್ಣೆದುರೇ ನಿಂತ ಹಾಗೆ ಚಿತ್ರ. ಅದಕ್ಕೆ ಹೈ ಡೆಫಿನಿಷನ್ ಎಂದು ಹೆಸರು. ಅದೂ ಆಕಾಶದ ಉಪಗ್ರಹದಿಂದ ಮಾತ್ರ ಅಲ್ಲ, ನೆಲದ ಮೇಲಿನ ಟವರಿನಿಂದಲೇ, ಮಾಡಿನ ಮೇಲಿನ ಕಡ್ಡಿಗೇ ಬರುವಂತೆ ಮಾಡಲು ಸಾಧ್ಯ ಎಂದು ಬರೆದಿತ್ತು. ಅಣ್ಣಾರು ಮಂಡಕ್ಕಿ ತಿನ್ನುವುದು ನಿಲ್ಲಿಸಿದರು.

"ಅಂದ್ರ ವಾರ್ತೆಯಾಕಿ ಓಲೆ ಹರಳು ಎಣಿಸಬೋದು?"

"ಎಣಿಸಬಹುದು" ಎಂದೆ.

"ಗಾಳಿಯಾಗ ಬಂದ ಚಿತ್ರದಾಗ?"

"ಹೌದು ಅಣ್ಣಾರೆ."

ಅವರ ಮುಖ ನೋಡಬೇಕಿತ್ತು. ಅಲ್ಲಿಯವರೆಗೆ ಅವರು ಮಾಡುತ್ತಿದ್ದ ಕೆಲಸವನ್ನು ಊರವರು ಮಂಗನ ಕೆಲಸ ಎಂದು ತಮಾಷೆ ಮಾಡುತ್ತಿದ್ದರು. ಈಗ ಯಾವುದೋ ದೊಡ್ಡ ದೇಶದಲ್ಲಿ ದೊಡ್ಡ ತಲೆಗಳು ಕೂತು ಅದೇ ಕೆಲಸಕ್ಕೆ ಮುಂದೆ ದಾರಿ ಇದೆ ಎನ್ನುತ್ತಿದ್ದರು. ಅವರು ನಿಧಾನವಾಗಿ ಕೇಳಿದರು: "ನಮ್ಮ ದೇಶದ್ದು ಏನಾರ ಬರ್ದಾರೇನ್ರಿ ಅದ್ರಾಗ?"

ಇಲ್ಲಿ ಇನ್ನೊಂದು ಸಂಗತಿ ಗೊತ್ತಿರಬೇಕು. ಅದೇ ವಾರ ಅಕ್ಕನ ತಮ್ಮ ಊರಿಗೆ ಡಿಶ್ ತಂದು ಕೂರಿಸಿದ್ದ. ಬೀದಿ ಬೀದಿಗೆ ಕೇಬಲ್ ಎಳೆಯುವ ಯೋಚನೆ. ಅವನಿಗೆ ಧೈರ್ಯ ಇತ್ತು, ಕೈಕೆಲಸ ಗೊತ್ತಿರಲಿಲ್ಲ. "ಭಾವ, ನೀವು ಸೇರಿದ್ರ ಅರ್ಧ ಪಾಲು ನಿಮ್ದು. ಇಲ್ಲಂದ್ರ ದಸರಾದೊಳಗ ದಾವಣಗೆರೆಯಿಂದ ಬೇರೆಯೋರ್ನ ಕರ್ಕಂಬರ್ತೀನಿ" ಎಂದಿದ್ದ. ಅಕ್ಕನಿಗೆ ಸೇರಲಿ ಎಂದಿತ್ತು. ಅಣ್ಣಾರಿಗೆ ಮನಸ್ಸಿರಲಿಲ್ಲ. ಗಾಳಿಯಲ್ಲಿ ಬರುವುದನ್ನು ಯಾರು ಬೇಕಾದರೂ ಒಂದು ಕಡ್ಡಿ ನೆಟ್ಟು ಹಿಡಿಯಬಹುದು. ವೈರಿನಲ್ಲಿ ಬರುವುದನ್ನು ಒಬ್ಬ ಕೂತು ಬಿಡುತ್ತಾನೆ, ಬೇಡವೆನಿಸಿದರೆ ಕೀಳುತ್ತಾನೆ, ಎನ್ನುವುದು ಅವರ ತಕರಾರು. ಹೂಂ ಅನ್ನಲೂ ಆಗದೆ ಊಹೂಂ ಅನ್ನಲೂ ಆಗದೆ ಒದ್ದಾಡುತ್ತಿದ್ದರು. ಆ ಭಾನುವಾರದ ಪ್ರಶ್ನೆ ಆ ಒದ್ದಾಟದ ಒಳಗಿಂದಲೇ ಬಂದಿತ್ತು. ಅದು ನನಗೂ ಗೊತ್ತಿತ್ತು.

ಲೇಖನದಲ್ಲಿ ನಮ್ಮ ದೇಶದ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು ಪುಟ ತಿರುಗಿಸಿದೆ, ಮತ್ತೆ ಹಿಂದಕ್ಕೆ ತಿರುಗಿಸಿದೆ. ಎದುರಿಗೆ ಆ ಮುಖ. ಇಲ್ಲ ಎನ್ನುವ ಎರಡಕ್ಷರ ಬಾಯಿಗೆ ಬರಲಿಲ್ಲ.

"ಇದೆ" ಎಂದೆ. "ಇನ್ನು ಕೆಲವು ವರ್ಷಕ್ಕೆ ಇಲ್ಲಿಗೂ ಬರ್ತದೆ ಅಂತ ಬರೆದಿದಾರೆ."

ನಾನು ನನ್ನ ಅಮ್ಮನ ಮಗಳು ಎನ್ನುವುದು ಆ ಹೊತ್ತು ರುಜುವಾತಾಯಿತು. ಅಣ್ಣಾರು ಅವತ್ತೇ ಸಂಜೆ ಭಾಮೈದನಿಗೆ ಆಗುವುದಿಲ್ಲ ಎಂದು ಹೇಳಿ ಬಂದರು. ನನಗೆ ಅದು ಗೊತ್ತಾದದ್ದು ಮರುದಿನ. ಆಗಲೇ ಹೋಗಿ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಅವರು ಅಷ್ಟು ಸಂತೋಷದಲ್ಲಿ ಶಿಳ್ಳೆ ಹಾಕುತ್ತ ಬೆಸುಗೆ ಹಾಕುತ್ತಿದ್ದರು.

ಸುಳ್ಳಿಗೆ ಕಾಲು ಬಂತು. ಅಣ್ಣಾರು ಹೋದ ಹೋದ ಊರಲ್ಲಿ, ಹತ್ತಿದ ಹತ್ತಿದ ಮಾಡಿನ ಮೇಲೆ ಇದನ್ನೇ ಹೇಳಿದರು. ಈಗಿನ ಕೊಳವೆ ಗಟ್ಟಿಯಾಗಿ ನೆಡಿಸಿಕೊಳ್ಳಿ, ಮುಂದೆ ಇದಕ್ಕೇ ಓಲೆ ಹರಳು ಕಾಣುವ ಟಿವಿ ಬರುತ್ತದೆ, ನಮ್ಮ ಟೀಚರ್ರು ಇಂಗ್ಲಿಷಿನಲ್ಲಿ ಓದಿದ್ದಾರೆ. ಉಳವಿ ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುತ್ತ ಬಗ್ಗಿ, "ಟೀಚರ್ರೆ, ಆ ಅಗಲದ ಟಿವಿ ನಮ್ಮ ಕಡೆಗೆ ಯಾವಾಗ ಬತ್ತದೆ?" ಎಂದು ಕೇಳಿದ. ಅಮ್ಮ ಕುಪ್ಪಗಡ್ಡೆಯಿಂದ ಹೇಳಿ ಕಳಿಸಿದಳು, ಬಂದ ಕೂಡಲೇ ಒಂದು ತೆಗೆದಿಡಬೇಕಂತೆ. ನಾನು ಎಲ್ಲರಿಗೂ "ಬರ್ತದೆ, ಬರ್ತದೆ" ಎನ್ನುತ್ತ ತಿರುಗಿದೆ.

ಬಂದದ್ದು ಕೇಬಲ್. ಎರಡು ವರ್ಷದಲ್ಲಿ ಶಿಕಾರಿಪುರದ ಬೀದಿಗಳಲ್ಲಿ ಕಂಬದಿಂದ ಕಂಬಕ್ಕೆ ಕಪ್ಪು ವೈರು ಜೋತಾಡಿತು. ಹತ್ತಾರು ಚಾನೆಲ್ಲು, ನುಚ್ಚಿಲ್ಲ, ದೆವ್ವವಿಲ್ಲ, ಮಾಡು ಹತ್ತುವ ಕೆಲಸವೇ ಇಲ್ಲ. ಆಂಟೆನಾಗಳು ಬೋಳಾಗಿ ನಿಂತವು. ಕೆಲವರು ಅವಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದರು. ಅಣ್ಣಾರನ್ನು ಈಗ ಕರೆಯುತ್ತಿದ್ದುದು ಕಡ್ಡಿ ಇಳಿಸಿಕೊಡಿ ಎಂದು. "ಇರ್ಲಿ ಬಿಡ್ರಿ, ಮುಂದ ಬೇಕಾಗ್ತೈತಿ" ಎಂದು ಅವರು ಬಡಿದುಕೊಳ್ಳುತ್ತಿದ್ದರು. ಕೇಳುವವರು ಮುಖ ತಿರುಗಿಸಿ ನಗುತ್ತಿದ್ದರು. ಆ ನಗು ನನ್ನಿಂದ ಅವರ ಪಾಲಿಗೆ ಬಂದದ್ದು ಎಂದು ನೆನೆದರೆ ನನಗೆ ಈಗಲೂ ಮೈ ಬಿಸಿಯಾಗುತ್ತದೆ.

ಒಂದು ದಿನ ಅಕ್ಕ ಒಬ್ಬರೇ ಮೇಲೆ ಬಂದರು. ಕೈಯಲ್ಲಿ ಮಂಡಕ್ಕಿ ಇರಲಿಲ್ಲ. ಅವರು ಬೈಯಲು ಬಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಟೀಚರ್ರೆ, ಆ ಪುಸ್ತಕದಾಗ ಇಂಥಾ ವರ್ಷ ಅಂತ ಬರ್ದಾರೇನ್ರಿ?" ಎಂದರು. "ನನಗ ಹೇಳಿಬಿಡ್ರಿ. ಅಲ್ಲೀತನ ಹೆಂಗಾರ ಮಾಡಿ ತಳ್ತೀನಿ. ವರ್ಷ ಗೊತ್ತಿದ್ರ ಕಾಯೋದು ಕಷ್ಟ ಅಲ್ರಿ."

ನಾನು ಪತ್ರಿಕೆ ಹುಡುಕಿ ನೋಡಿ ಹೇಳುತ್ತೇನೆ ಎಂದೆ. ಅವರು ಇಳಿದು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ದಾಕ್ಷಿಣ್ಯ ಎಂದು ನಾವು ಹೆಮ್ಮೆಪಡುವುದು ಎಷ್ಟು ಹೇಡಿತನದ ವಸ್ತು ಎಂದು ಅವತ್ತು ಗೊತ್ತಾಯಿತು. ಒಂದು ಮಾತಿನ ಮುಜುಗರ ತಪ್ಪಿಸಿಕೊಳ್ಳಲು ನಾನು ಒಂದು ಸಂಸಾರವನ್ನು ಎರಡು ವರ್ಷ ಕಾಯಿಸಿದ್ದೆ. ಇನ್ನು ಹೇಳಲೇಬೇಕು ಎಂದುಕೊಂಡೆ.

ಆ ವಾರ ಅಣ್ಣಾರಿಗೆ ಚಂದ್ರಗುತ್ತಿಯಿಂದ ಕರೆ ಬಂದಿತ್ತು. ದೇವಸ್ಥಾನದ ದಾರಿಯಲ್ಲಿ ಹಣ್ಣುಕಾಯಿ ಮಾರುವ ಒಬ್ಬರು ಹೊಸ ಟಿವಿ ತಂದಿದ್ದರು. ಕೇಬಲ್ ಅಲ್ಲಿಗೆ ಇನ್ನೂ ಮುಟ್ಟಿರಲಿಲ್ಲ. ಶಾಲೆಗೆ ರಜೆ ಇತ್ತು, ನಾನೂ ಬರುತ್ತೇನೆಂದೆ. ಬಸ್ಸಿನಲ್ಲಿ ಹೇಳಿಬಿಡುವುದು ನನ್ನ ಯೋಜನೆ. ಆದರೆ ಶಿಕಾರಿಪುರ ಬಿಟ್ಟ ಮೇಲೆ ಚಂದ್ರಗುತ್ತಿ ಮುಟ್ಟುವ ತನಕ ಅವರೇ ಮಾತಾಡಿದರು, ಆ ಟಿವಿ ಬಂದಾಗ ಯಾವ ಊರಲ್ಲಿ ಎಷ್ಟೆತ್ತರದ ಕೊಳವೆ ಬೇಕಾಗುತ್ತದೆ ಎಂದು.

ಹಣ್ಣುಕಾಯಿಯವರ ಮನೆ ಗುಡ್ಡದ ಬುಡದ ತಗ್ಗಿನಲ್ಲಿತ್ತು. ಮಾಡಿನ ಮೇಲೆ ಏನೂ ಸಿಗದೆ, ಅಣ್ಣಾರು ಹಿಂದಿನ ಬಂಡೆಯ ಮೇಲೆ ಕೊಳವೆ ಹಿಡಿದು ನಿಂತರು. ಮಧ್ಯೆ ಗೋಡೆಯ ಹತ್ತಿರ ಹಣ್ಣುಕಾಯಿಯವರು. ಒಳಗೆ ಟಿವಿ ಎದುರು ನಾನು. ಮೇಲೆ ಲುಂಗಿ ಹಾರುತ್ತಿತ್ತು.

"ವಾರ್ತೆಯವಳ ಮೂಗಲ್ಲಿ ಏನದೆ ಅಂತ ಕೇಳ್ತಿದಾರೆ!" ಎಂದು ಹಣ್ಣುಕಾಯಿಯವರು ಕಿಟಕಿಯಲ್ಲಿ ಬಗ್ಗಿ ಕೂಗಿದರು.

ಪರದೆಯ ಮೇಲೆ ಮೂಗೇ ಇರಲಿಲ್ಲ. ಅವರು ಅಲ್ಲಿ ಬಂಡೆಯ ಮೇಲೆ ಬೆವರುತ್ತಿದ್ದರು, ಇದೇ ಚಿತ್ರವನ್ನು ನಂಬಿಕೊಂಡು. ನನಗೆ ತಡೆಯಲಾಗಲಿಲ್ಲ. ಮುಖ ನೋಡದೆ ಹೇಳುವುದೇ ಸುಲಭ ಎಂದು ಕಂಡಿತು. ಗುರುತಿಲ್ಲದವರ ಬಾಯಲ್ಲಿ ಹೇಳಿಸಿದರೆ ಇನ್ನೂ ಸುಲಭ.

"ಮೂಗು ಇರಲಿ ಬಿಡಿ" ಎಂದೆ. "ಆ ಪತ್ರಿಕೆಯಲ್ಲಿ ನಮ್ಮ ದೇಶದ ಸುದ್ದಿ ಇರಲೇ ಇಲ್ಲ, ಟೀಚರ್ ಸುಳ್ಳು ಹೇಳಿದ್ರು ಅಂತ ಹೇಳಿ ಅವರಿಗೆ."

ಹಣ್ಣುಕಾಯಿಯವರು ನನ್ನ ಮುಖ ನೋಡಿದರು. ಕಣ್ಣೊರೆಸಿಕೊಳ್ಳುತ್ತಿದ್ದೆ. ತಿರುಗಿ ಬಂಡೆಯ ಕಡೆ ನೋಡಿದರು. ಆಮೇಲೆ ಕೈ ಬಾಯಿಗೆ ಅಡ್ಡ ಹಿಡಿದು ಜೋರಾಗಿ ಕೂಗಿದರು: "ಎಲ್ಲಾ ಚೆನಾಗದೆ ಅಂತಿದಾರೆ ಟೀಚರ್ರು! ಇಳೀರಿ!"

ನಾನು ಬಾಯಿ ತೆರೆಯುವ ಮೊದಲೇ ಅವರು ಸಣ್ಣ ದನಿಯಲ್ಲಿ, "ಬಂಡೆ ಜಾರ್ತದೆ ತಾಯಿ. ಅಂಥಾದ್ದನ್ನೆಲ್ಲ ಮನುಷ್ಯ ಕೆಳಗೆ ಬಂದು ಕೂತ ಮೇಲೆ ಹೇಳೋದು" ಎಂದರು. ಅವರ ಹೆಸರೂ ನನಗೆ ಗೊತ್ತಿಲ್ಲ. ಆದರೆ ನಮ್ಮ ಕಡೆಯ ದಾಕ್ಷಿಣ್ಯವನ್ನು ಆ ಹೊತ್ತಿನಲ್ಲಿ ಪೂರ್ತಿ ಬೈಯದೆ ಬಿಟ್ಟೆ.

ಅಣ್ಣಾರು ಇಳಿದು ಬಂದು, ಲುಂಗಿ ಉಟ್ಟು, ಕೈಕಾಲು ತೊಳೆದು, ಜಗಲಿಯಲ್ಲಿ ಕೂತರು. ಹಣ್ಣುಕಾಯಿಯವರು ಕಾಫಿ ಕೊಟ್ಟು, ಏನೋ ಕೆಲಸ ಇದೆಯೆಂದು ಒಳಗೆ ಹೋದರು. ನಾನು ಹೇಳಿದೆ. ಲೇಖನದಲ್ಲಿ ಏನಿತ್ತು, ಏನಿರಲಿಲ್ಲ, ನಾನು ಯಾಕೆ ಹಾಗೆ ಹೇಳಿದೆ, ಅಕ್ಕ ಬಂದು ಏನು ಕೇಳಿದರು, ಎಲ್ಲ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು.

"ಮಾಡಿನ ಮ್ಯಾಲೆ ಕುಂತು ಎಷ್ಟು ಮನಿ ಸುಳ್ಳು ಹಿಡದೀನ್ರಿ ನಾನು" ಎಂದರು. "ನನ್ನ ಮನಿ ಮ್ಯಾಲಿನ ಸುಳ್ಳು ಹಿಡೀಲಿಲ್ಲ. ನಿಮ್ಮನ್ನ ಏನೈತಿ ಅಂತ ಕೇಳ್ಬೇಕು ಅಂತ ಅನ್ನಿಸ್ಲೇ ಇಲ್ಲ ನೋಡ್ರಿ. ಓದಿದೋರು ಅಂತ."

ಅಷ್ಟೇ. ದನಿ ಏರಿಸಲಿಲ್ಲ. ವಾಪಸ್ ಬಸ್ಸಿನಲ್ಲಿ ನನಗೆ ಸೀಟು ಹಿಡಿದುಕೊಟ್ಟು ತಾವು ಹಿಂಬಾಗಿಲ ಹತ್ತಿರ ನಿಂತರು. ಪಕ್ಕದ ಸೀಟು ಸೊರಬದಲ್ಲೇ ಖಾಲಿಯಾಯಿತು, ಬಂದು ಕೂರಲಿಲ್ಲ.

ಮರುದಿನ ಅಕ್ಕ ಮೇಲೆ ಬಂದರು. "ಹೇಳಿದ್ದು ಒಳ್ಳೇದಾತು" ಎಂದರು. "ಆದ್ರ ಮೊದ್ಲು ನನ್ನ ಕಿವಿಗೆ ಹಾಕಬೇಕಿತ್ರಿ. ನಾನಾಗಿದ್ರ ಬೈದು ಹೇಳ್ತಿದ್ದೆ. ಬೈದು ಹೇಳಿದ್ರ ಇವ್ರು ತಡ್ಕಂತಾರ. ನೀವು ಅತ್ತು ಹೇಳೀರಿ, ಅದಕ್ಕ ಸುಮ್ನಾಗ್ಯಾರ."

ಆ ತಿಂಗಳಲ್ಲೇ ಅಣ್ಣಾರು ಭಾಮೈದನ ಕೇಬಲ್ ಕೆಲಸಕ್ಕೆ ಸೇರಿದರು. ಪಾಲುದಾರರಾಗಿ ಅಲ್ಲ, ಆ ಹೊತ್ತು ಮುಗಿದಿತ್ತು, ಕೆಲಸಗಾರರಾಗಿ. ಕಂಬಕ್ಕೆ ಏಣಿ ಆನಿಸಿ ಹತ್ತಿ ಇಳಿದು ಅಚ್ಚುಕಟ್ಟಾಗಿ ಮಾಡುತ್ತಿದ್ದರು. ಮನೆಯಲ್ಲಿ ಒಲೆ ಸರಿಯಾಗಿ ಉರಿಯಿತು, ಅಕ್ಕ ಸ್ವಲ್ಪ ಮೈ ತುಂಬಿಕೊಂಡರು, ಮಂಡಕ್ಕಿ ಮತ್ತೆ ಮೇಲೆ ಬರತೊಡಗಿತು. ಅಣ್ಣಾರು ಬರಲಿಲ್ಲ. ಮಾತು ಬಿಟ್ಟಿದ್ದರು ಎಂದಲ್ಲ. "ನಲ್ಲಿ ನೀರು ಬಂದೈತಿ ಟೀಚರ್ರೆ", "ಕರೆಂಟ್ ಸಂಜಿಗೆ ಬರ್ತೈತಂತ", ಇಷ್ಟು ಮಾತು ಇತ್ತು. ಪತ್ರಿಕೆ ಅಂಚೆಯಲ್ಲಿ ಬರುತ್ತಿತ್ತು. ಸುತ್ತಿದ ಕಾಗದ ಬಿಚ್ಚದೆ ಅಂಗಡಿಯ ಮೂಲೆಯಲ್ಲಿ ಒಂದರ ಮೇಲೊಂದು ಕೂತಿರುತ್ತಿತ್ತು. ನಾನು ದಿನಾ ಶಾಲೆಗೆ ಹೋಗುವಾಗ ಅದನ್ನು ನೋಡದ ಹಾಗೆ ದಾಟುತ್ತಿದ್ದೆ. ಹೀಗೆ ಎರಡು ವರ್ಷಕ್ಕೂ ಮೇಲಾಯಿತು. ಇನ್ನೊಂದು ಮನೆ ನೋಡಿಕೊಳ್ಳೋಣ ಎಂದು ಎಷ್ಟೋ ಸಲ ಅಂದುಕೊಂಡೆ. ಹೋದರೆ ಅದೂ ಇನ್ನೊಂದು ಹೇಡಿತನ ಆಗುತ್ತದೆ ಎಂದು ಉಳಿದೆ.

ದಶಕ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಶಿಕ್ಷಕರ ಕೋಣೆಯಲ್ಲಿ ಯಾರೋ ಬಿಟ್ಟುಹೋದ ಇಂಗ್ಲಿಷ್ ದಿನಪತ್ರಿಕೆ ತಿರುವುತ್ತಿದ್ದೆ. ಒಳಪುಟದ ಮೂಲೆಯಲ್ಲಿ ಒಂದು ಸಣ್ಣ ಸುದ್ದಿ. ಅದನ್ನು ಎರಡು ಸಲ ಓದಿದೆ. ಮುಂದಿನ ಪೀರಿಯಡ್ ನನ್ನದೇ ಇತ್ತು. ಅದನ್ನು ಬೇರೆಯವರ ತಲೆಗೆ ಕಟ್ಟಿ, ಪತ್ರಿಕೆ ಹಿಡಿದು ಬೀದಿಗೆ ಬಂದೆ. ನಲವತ್ತು ಸಮೀಪಿಸಿದ ಟೀಚರ್ ಸೀರೆ ಎತ್ತಿ ಹಿಡಿದು ಬಸ್ ನಿಲ್ದಾಣದ ಹಿಂದೆ ಓಡುವುದನ್ನು ನನ್ನ ಹಳೆಯ ವಿದ್ಯಾರ್ಥಿಗಳು ಅಂಗಡಿಗಳಿಂದ ಎದ್ದು ನೋಡಿದರು.

ಅಣ್ಣಾರು ಬೀದಿಯ ತಿರುವಿನ ಕಂಬಕ್ಕೆ ಏಣಿ ಹಾಕಿ ಮೇಲಿದ್ದರು. ಸೊಂಟದಲ್ಲಿ ಕಪ್ಪು ವೈರಿನ ಸುರುಳಿ.

"ಅಣ್ಣಾರೆ, ಇಳೀರಿ" ಎಂದೆ ಏದುಸಿರಿನಲ್ಲಿ. "ಆ ಟಿವಿ ಸುದ್ದಿ ಬಂದಿದೆ."

ಅವರು ತಿರುಗಿ ನೋಡಲಿಲ್ಲ. "ಅಲ್ಲೇ ನಿಂತು ಓದ್ರಿ" ಎಂದರು. "ಇದ್ದದ್ದು ಇದ್ದಂಗ ಓದ್ರಿ."

ಓದಿದೆ. ನಡುಬೀದಿಯಲ್ಲಿ ನಿಂತು, ಒಂದೊಂದು ವಾಕ್ಯವನ್ನೂ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ, ಒಂದು ಪದ ಸೇರಿಸದೆ, ಒಂದು ಪದ ಬಿಡದೆ. ಅಮೆರಿಕದಲ್ಲಿ ಹೈ ಡೆಫಿನಿಷನ್ ಟಿವಿ ಪ್ರಸಾರ ಶುರುವಾಗಿದೆ. ನೆಲದ ಮೇಲಿನ ಟವರಿನಿಂದ, ಮಾಡಿನ ಮೇಲಿನ ಆಂಟೆನಾಕ್ಕೆ. ಸದ್ಯಕ್ಕೆ ಕೆಲವೇ ಪಟ್ಟಣಗಳಲ್ಲಿ. ಸೆಟ್ಟು ಬಹಳ ದುಬಾರಿ, ಕೊಂಡವರು ಬಹಳ ಕಡಿಮೆ. ಎಲ್ಲರ ಮನೆಗೂ ಯಾವಾಗ ಮುಟ್ಟುತ್ತದೆಂದು ಯಾರಿಗೂ ಖಚಿತವಿಲ್ಲ. ಸೈಕಲ್ಲಿನವರೊಬ್ಬರು ನಿಂತು ಪೂರ್ತಿ ಕೇಳಿಕೊಂಡು ಹೋದರು.

"ನಮ್ಮ ದೇಶದ್ದು?" ಎಂದು ಮೇಲಿಂದ ಕೇಳಿದರು.

"ಇಲ್ಲ" ಎಂದೆ. "ಒಂದು ಸಾಲೂ ಇಲ್ಲ ಅಣ್ಣಾರೆ."

ಅವರು ಕೈಯಲ್ಲಿದ್ದ ವೈರನ್ನು ಕಂಬಕ್ಕೆ ಬಿಗಿದು ಕಟ್ಟಿದರು. ಗಂಟು ಸರಿಯಾಗಿದೆಯೋ ಎಂದು ಎಳೆದು ನೋಡಿದರು. ಆಮೇಲೆ ನಿಧಾನಕ್ಕೆ ಒಂದೊಂದೇ ಮೆಟ್ಟಿಲು ಇಳಿದು ಬಂದು, ನನ್ನ ಕೈಯಿಂದ ಪತ್ರಿಕೆ ತೆಗೆದುಕೊಂಡು ಆ ಸಣ್ಣ ಸುದ್ದಿಯ ಮೇಲೆ ಬೆರಳಾಡಿಸಿದರು. ಎರಡು ವರ್ಷದ ಮೇಲೆ ಮೊದಲ ಸಲ ನನ್ನ ಮುಖ ನೋಡಿದರು.

"ಹಂಗಾರ ನೀವು ಹೇಳಿದ್ದು ಪೂರಾ ಸುಳ್ಳಲ್ಲ ಬಿಡ್ರಿ ಟೀಚರ್ರೆ" ಎಂದರು. "ಬಂದೈತಿ. ಊರು ತಪ್ಪೈತಿ, ಅಷ್ಟ."